ನಾಲ್ಕನೆಯ ತ

ಕಳೆದ ತಿಂಗಳು ಚಾಮರಾಜಪೇಟೆಯಲ್ಲಿ ಆಟೊ ಸಿಗದೆ ನಡೆದು ಬರುತ್ತಿದ್ದಾಗ ಒಂದು ಗ್ಯಾರೇಜಿನ ಮುಂದೆ ಸೀಮೆಎಣ್ಣೆಯ ವಾಸನೆ ಬಂತು. ಮೆಕ್ಯಾನಿಕ್ ಒಬ್ಬ ತಗಡಿನ ತಟ್ಟೆಯಲ್ಲಿ ಬೈಕಿನ ಚೈನು ಮುಳುಗಿಸಿ ಬ್ರಷ್ಷಿನಿಂದ ಉಜ್ಜುತ್ತಿದ್ದ. ಒಂದು ನಿಮಿಷ ಅಲ್ಲೇ ನಿಂತುಬಿಟ್ಟೆ. ಆ ವಾಸನೆ ಬಂದಾಗಲೆಲ್ಲ ನನಗೆ ನೆನಪಾಗುವುದು ೧೯೯೪ರ ಮಳೆಗಾಲ ಮತ್ತು ಅಲ್ಲಿಂದ ಎರಡು ರಸ್ತೆ ಆಚೆಗಿದ್ದ ಒಂದು ಅಚ್ಚುಕೂಟ. ಅಚ್ಚಾದ ಮೇಲೆ ಸೀಸದ ಅಕ್ಷರದ ಮೊಳೆಗಳಿಗೆ ಮೆತ್ತಿದ ಮಸಿಯನ್ನು ಅಲ್ಲಿ ಸೀಮೆಎಣ್ಣೆಯಲ್ಲಿ ತೊಳೆಯುತ್ತಿದ್ದರು. ಸಂಜೆ ಮನೆ ಸೇರಿದಾಗ ನನ್ನ ದುಪಟ್ಟಾದಲ್ಲೂ ಅದೇ ವಾಸನೆ ಇರುತ್ತಿತ್ತು.

ಆಗ ನನಗೆ ಇಪ್ಪತ್ತೆರಡು. ಬಿ.ಎಸ್ಸಿ. ಮುಗಿಸಿ, ಬಿ.ಎಡ್. ಸೀಟಿಗೆ ಅರ್ಜಿ ಹಾಕಿ, ಹನುಮಂತನಗರದ ಮನೆಯಲ್ಲಿ ಸುಮ್ಮನೆ ಕೂತಿದ್ದೆ. ನನ್ನ ಸೋದರಮಾವನಿಗೆ ಅಚ್ಚುಕೂಟದ ಮಾಲೀಕರು ನರಹರಿ ರಾಯರು ಪರಿಚಯ. ಪ್ರೂಫ್ ನೋಡುವವರು ಬೇಕಾಗಿದ್ದಾರೆ ಅಂತ ಅವರು ಹೇಳಿದ್ದೇ ನೆಪವಾಗಿ ಮಾವ ನನ್ನನ್ನು ಕರೆದುಕೊಂಡು ಹೋಗಿ ಬಿಟ್ಟುಬಂದರು. ಜೂನ್ ಮೊದಲ ವಾರದಿಂದ ದಿನಾ ಬೆಳಿಗ್ಗೆ ಗವಿಪುರದ ಇಳಿಜಾರು ಇಳಿದು, ಕೊಡೆ ಹಿಡಿದು, ಚಾಮರಾಜಪೇಟೆಗೆ ನಡೆದು ಹೋಗುತ್ತಿದ್ದೆ. ಲಗ್ನಪತ್ರಿಕೆ, ಬಿಲ್ ಪುಸ್ತಕ, ಸಹಕಾರ ಸಂಘಗಳ ವಾರ್ಷಿಕ ವರದಿ, ಇವೇ ಅಲ್ಲಿನ ಹೆಚ್ಚಿನ ಕೆಲಸ. ಇವುಗಳ ಜೊತೆಗೆ ರಾಯರು ಹೈಸ್ಕೂಲು ಮಕ್ಕಳಿಗಾಗಿ ಒಂದು ಮಾಸಪತ್ರಿಕೆಯನ್ನೂ ಹೊರಡಿಸುತ್ತಿದ್ದರು. ಅದರಿಂದ ಅವರಿಗೆ ಲಾಭವೇನೂ ಇರಲಿಲ್ಲ. ಅದರ ಮೇಲೆ ಪ್ರೀತಿ ಇತ್ತು, ಅಷ್ಟೆ.

ಮೊಳೆ ಜೋಡಿಸುವವರು ಇಬ್ಬರಿದ್ದರು. ಹಿರಿಯರು ಕೆಂಪಣ್ಣ. ಮಾಗಡಿ ಕಡೆಯವರು, ಐವತ್ತೈದು ದಾಟಿತ್ತು. ಹದಿನೆಂಟನೇ ವಯಸ್ಸಿಗೆ ಊರು ಬಿಟ್ಟು ಬಂದವರು ಆಗಿನಿಂದ ಅದೇ ಕೇಸಿನ ಮುಂದೆ ನಿಂತಿದ್ದರು. ಕೇಸು ಅಂದರೆ ಒಂದೊಂದು ಅಕ್ಷರಕ್ಕೆ ಒಂದೊಂದು ಗೂಡು ಇರುವ ಮರದ ತಟ್ಟೆ. ಕೆಂಪಣ್ಣ ಕಣ್ಣು ಕಾಪಿಯ, ಅಂದರೆ ಬರೆದುಕೊಟ್ಟ ಹಾಳೆಯ, ಮೇಲಿಟ್ಟು, ಗೂಡಿನ ಕಡೆ ತಿರುಗಿಯೂ ನೋಡದೆ ಅಕ್ಷರಗಳನ್ನು ಎತ್ತಿ ಜೋಡಿಸುತ್ತಿದ್ದರು. ಮಾತು ಕಮ್ಮಿ. ನನ್ನನ್ನು 'ಅಮ್ಮಾ' ಎಂದೇ ಕರೆಯುತ್ತಿದ್ದರು.

ಆ ವರ್ಷ ಅಚ್ಚುಕೂಟದಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು, ಕಂಪ್ಯೂಟರ್ ಬರುತ್ತೆ ಅಂತ. ದೀಪಾವಳಿ ಹೊತ್ತಿಗೆ ಡಿ.ಟಿ.ಪಿ. ಹಾಕಿಸುತ್ತೇನೆ ಎಂದು ರಾಯರು ಹೇಳಿದ್ದರು. ಬಂದರೆ ಮೊಳೆ ಜೋಡಿಸಲು ಒಬ್ಬರು ಸಾಕು. ಇಬ್ಬರಲ್ಲಿ ಯಾರು ಎಂದು ಅವರು ಹೇಳಿರಲಿಲ್ಲ, ಇವರು ಕೇಳಿರಲಿಲ್ಲ.

ಮಾಸಪತ್ರಿಕೆಯ ಕೊನೆಯ ಪುಟದಲ್ಲಿ ಪ್ರತಿ ತಿಂಗಳೂ ಒಂದು ಗಣಿತದ ಒಗಟು ಇರುತ್ತಿತ್ತು. ಬರೆಯುತ್ತಿದ್ದವರು ಬಸವನಗುಡಿಯ ವಾಸುದೇವಯ್ಯ ಮೇಷ್ಟ್ರು. ಕಾಲೇಜಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಸರಿಯುತ್ತರ ಬರೆದವರಿಗೆ ಒಂದು ನಿಘಂಟು ಬಹುಮಾನ. ಜುಲೈ ಸಂಚಿಕೆಗೆ ಅವರು ಕಳಿಸಿದ್ದು ಒಂದು ದ್ವೀಪದ ಭಾಷೆಯ ಒಗಟು.

ಆ ಭಾಷೆಯಲ್ಲಿ ಎರಡೇ ಅಕ್ಷರ, ತ ಮತ್ತು ಮ. ಅವನ್ನು ಹೇಗೆ ಬೇಕಾದರೂ, ಎಷ್ಟು ಸಲ ಬೇಕಾದರೂ ಸಾಲಾಗಿ ಇಟ್ಟು ಮಾತು ಕಟ್ಟಬಹುದು. ಆದರೆ ಮೂರು ಕಟ್ಟಳೆಗಳಿವೆ. ತತತ ಎಂದು ಎಲ್ಲಿ ಬಂದರೂ ಅದು ಮೌನ, ಅದನ್ನು ಅಳಿಸಿಬಿಡಬಹುದು. ಮಮ ಎಂದು ಬಂದರೂ ಹಾಗೆಯೇ ಮೌನ. ಮತ ಎಂದರೂ ತತಮ ಎಂದರೂ ಒಂದೇ ಅರ್ಥ, ಒಂದರ ಜಾಗದಲ್ಲಿ ಇನ್ನೊಂದನ್ನು ಇಡಬಹುದು. ಹಾಗಾದರೆ, ಮೌನವನ್ನೂ ಒಂದು ಮಾತು ಎಂದು ಎಣಿಸಿದರೆ, ಆ ಭಾಷೆಯಲ್ಲಿ ಒಟ್ಟು ಎಷ್ಟು ಬೇರೆ ಬೇರೆ ಮಾತುಗಳಿವೆ? ಇದು ಪ್ರಶ್ನೆ.

ಕೆಂಪಣ್ಣ ಈ ಪುಟ ಜೋಡಿಸಿದ ದಿನ ನನ್ನ ಮುಂದೆ ಒಂದು ಲಗ್ನಪತ್ರಿಕೆಯ ಪ್ರೂಫ್ ಇತ್ತು. ಹುಡುಗಿ ಕಡೆಯವರು ಬಾಗಿಲಲ್ಲೇ ಕಾಯುತ್ತಿದ್ದರು. ಕೆಂಪಣ್ಣ ಮೇಷ್ಟ್ರ ಹಾಳೆಯನ್ನು ಹಿಡಿದುಕೊಂಡು ಬಂದರು. ಮೊದಲ ಕಟ್ಟಳೆಯ ಪಕ್ಕದಲ್ಲಿ ಮಳೆಹನಿ ಬಿದ್ದು ಶಾಯಿ ಹರಡಿತ್ತು.

"ಅಮ್ಮಾ, ಇಲ್ಲಿ ತ ಮೂರೋ ನಾಲ್ಕೋ? ಗೊತ್ತಾಗ್ತಿಲ್ಲ."

ನಾನು ಓರೆಗಣ್ಣಿನಲ್ಲಿ ನೋಡಿದೆ. ಹರಡಿದ ಶಾಯಿ ಇನ್ನೊಂದು ಅಕ್ಷರದ ಹಾಗೆ ಕಂಡಿತು. "ನಾಲ್ಕು" ಅಂದೆ.

"ಮೇಷ್ಟ್ರಿಗೆ ಒಂದು ಫೋನ್ ಮಾಡಿ ಕೇಳೋಣ್ವಾ?"

"ಬೇಡ ಕೆಂಪಣ್ಣ, ನಾಲ್ಕೇ. ಹಾಕ್ಬಿಡಿ."

ಅವರು ಹಾಕಿದರು. ಪ್ರೂಫ್ ಬಂದಾಗ ನಾನೇ ಓದಿ ಸಹಿ ಹಾಕಿದೆ.

ಜುಲೈ ಎರಡನೇ ವಾರದಿಂದ ಉತ್ತರಗಳು ಬರತೊಡಗಿದವು. ಪೋಸ್ಟ್‌ಕಾರ್ಡುಗಳನ್ನು ವಿಂಗಡಿಸಿ ಜೋಡಿಸಿಡುವುದು ನನ್ನ ಕೆಲಸ. ಸುಮಾರು ಮೂವತ್ತು ಬಂದವು, ಎಲ್ಲವೂ ಎಂಟು ಎನ್ನುತ್ತಿದ್ದವು. ಅವರ ಲೆಕ್ಕವೂ ನೋಡಲು ಸರಿಯಾಗೇ ಇತ್ತು. ಮೂರನೇ ಕಟ್ಟಳೆ ಬಳಸಿ ಎಲ್ಲ ತ ಅಕ್ಷರಗಳನ್ನೂ ಎಡಕ್ಕೆ ತಳ್ಳಬಹುದು, ಮ ಅಕ್ಷರಗಳನ್ನು ಬಲಕ್ಕೆ. ನಾಲ್ಕು ತ ಸೇರಿದರೆ ಮೌನವಾದ್ದರಿಂದ ಮೂರಕ್ಕಿಂತ ಹೆಚ್ಚು ಉಳಿಯುವುದಿಲ್ಲ. ಮ ಒಂದಕ್ಕಿಂತ ಹೆಚ್ಚು ಉಳಿಯುವುದಿಲ್ಲ. ಒಂದೂ ಇಲ್ಲದ್ದೂ ಸೇರಿ ತ ನಾಲ್ಕು ಬಗೆ, ಮ ಎರಡು ಬಗೆ. ನಾಲ್ಕೆರಡಲಿ ಎಂಟು.

ಮೇಷ್ಟ್ರು ಪತ್ರಿಕೆ ನೋಡಿದ ದಿನವೇ ಫೋನ್ ಮಾಡಿದರು. ರಾಯರು ರಿಸೀವರನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದು ಕೇಳಿಸಿಕೊಂಡರು. ಮೇಜಿನ ಈಚೆ ಕೂತಿದ್ದ ನನಗೂ ಪ್ರತಿ ಮಾತೂ ಕೇಳಿಸಿತು.

"ನಾನು ಬರೆದದ್ದು ಮೂರು ತ. ಉತ್ತರ ಆರು. ನೀವು ನಾಲ್ಕು ತ ಹಾಕಿದೀರಿ. ಹುಡುಗರು ಏನಂದ್ಕೋತಾರೆ?"

"ತಪ್ಪಾಗಿದೆ ಸಾರ್. ಈಗೇನು ಮಾಡೋಣ, ಹೇಳಿ."

"ಮಾಡೋದೇನು? ಅಚ್ಚಾದ ಹಾಗೆ ನೋಡಿದ್ರೆ ಎಂಟು ಆಗತ್ತೆ. ಎಂಟು ಅಂದೋರ ಹೆಸರು ಚೀಟಿ ಎತ್ತಿ ಬಹುಮಾನ ಕೊಟ್ಬಿಡಿ."

ಫೋನಿಟ್ಟ ಮೇಲೆ ರಾಯರು ಕೇಸಿನ ಹತ್ತಿರ ಹೋದರು. ಕೂಗಾಡುವ ಮನುಷ್ಯರಲ್ಲ. ಆದರೆ ಆ ಪುಟ್ಟ ಕೋಣೆಯಲ್ಲಿ ಮೆಲ್ಲಗೆ ಹೇಳಿದ್ದೂ ಎಲ್ಲರಿಗೂ ಕೇಳುತ್ತಿತ್ತು.

"ಕೆಂಪಣ್ಣ, ನಿನ್ನ ಕಣ್ಣು ಮೊದಲಿನ ಹಾಗಿಲ್ಲ. ನಾನೂ ನೋಡ್ತಾನೇ ಇದೀನಿ. ಹೇಗೂ ಕಂಪ್ಯೂಟರ್ ಬರತ್ತೆ. ಆಗಸ್ಟ್ ಕೊನೆಗೆ ನೀನು ನಿಲ್ಲಿಸ್ಬಿಡು. ನಿನಗೆ ಬರಬೇಕಾದ್ದು ಎಲ್ಲ ಕೊಡ್ತೀನಿ."

ಕೆಂಪಣ್ಣ "ಸರಿ ಸಾರ್" ಅಂದರು. ನನ್ನ ಕಡೆ ನೋಡಲಿಲ್ಲ. ಬಾಯಿ ತೆರೆದು ಹೇಳಬೇಕಾದವಳು ನಾನು. ಹೇಳಲಿಲ್ಲ. ರಾಯರು ಮಾವನಿಗೆ ಹೇಳುತ್ತಾರೆ, ಮಾವ ಮನೆಯಲ್ಲಿ ಹೇಳುತ್ತಾರೆ, ಬಿ.ಎಸ್ಸಿ. ಓದಿದ ಹುಡುಗಿಗೆ ಮೂರು ನಾಲ್ಕು ಎಣಿಸಲು ಬರಲಿಲ್ಲ ಎನ್ನುತ್ತಾರೆ ಎಂದು ಹೆದರಿಕೆ. ನಾಳೆ ಹೇಳಿದರಾಯಿತು ಅಂದುಕೊಂಡೆ. ಮರುದಿನವೂ ಹಾಗೇ ಅಂದುಕೊಂಡೆ. ದಿನ ಕಳೆದಷ್ಟೂ ಹೇಳುವುದು ಕಷ್ಟವಾಗುತ್ತಾ ಹೋಯಿತು. ಕೆಂಪಣ್ಣ ಎಂದಿನಂತೆ ಬರುತ್ತಿದ್ದರು, ಕೊಡೆಯನ್ನು ಮೂಲೆಗಿಟ್ಟು ಕೇಸಿನ ಮುಂದೆ ನಿಲ್ಲುತ್ತಿದ್ದರು. ನನ್ನನ್ನು ಅಮ್ಮಾ ಎಂದು ಕರೆಯುವುದು ಮಾತ್ರ ನಿಂತಿತ್ತು.

ಐದಾರು ದಿನ ಕಳೆದ ಮೇಲೆ ಇನ್ನೊಂದು ಪೋಸ್ಟ್‌ಕಾರ್ಡ್ ಬಂತು. ಮಲ್ಲೇಶ್ವರದಿಂದ, ಶಿವರುದ್ರಪ್ಪ ಎಂಬುವರು ಬರೆದದ್ದು. ಮುತ್ತಿನಂಥ ಅಕ್ಷರ. 'ಈ ಭಾಷೆಯಲ್ಲಿ ಇರುವುದು ಎರಡೇ ಮಾತು. ಒಂದು ಮೌನ, ಇನ್ನೊಂದು ಮ. ತ ಎಂಬ ಅಕ್ಷರಕ್ಕೆ ಇಲ್ಲಿ ಅರ್ಥವೇ ಇಲ್ಲ.' ಇಷ್ಟೇ. ಹೇಗೆ ಎಂದು ಬರೆದಿರಲಿಲ್ಲ.

ರಾಯರಿಗೆ ತೋರಿಸಿದೆ. "ಯಾರೋ ತಮಾಷೆ ಮಾಡಿದಾರೆ. ತಪ್ಪುತ್ತರದ ಕಟ್ಟಿಗೆ ಹಾಕು" ಅಂದರು. ಹಾಕಲು ಹೋದವಳು ಅದನ್ನು ನನ್ನ ಚೀಲಕ್ಕೆ ಹಾಕಿಕೊಂಡೆ. ತಮಾಷೆ ಮಾಡುವವರು ಅಷ್ಟು ಅಚ್ಚುಕಟ್ಟಾಗಿ ಬರೆಯುವುದಿಲ್ಲ ಅನ್ನಿಸಿತ್ತು.

ಗಣಿತದಲ್ಲಿ ನನಗೆ ಒಳ್ಳೆಯ ಅಂಕಗಳೇ ಬಂದಿದ್ದವು. ಆದರೆ ನಿಜ ಹೇಳಬೇಕೆಂದರೆ ನಾನು ಪ್ರಮೇಯಗಳನ್ನು ಉರು ಹೊಡೆದು ಪಾಸಾದವಳು. ಪುಸ್ತಕದಲ್ಲಿಲ್ಲದ ಒಂದು ಲೆಕ್ಕವನ್ನು ಸ್ವಂತವಾಗಿ ಬಿಡಿಸಿದ್ದು ಎಂದೂ ಇಲ್ಲ. ಆ ವಾರವೆಲ್ಲ ಹಳೆಯ ಪ್ರೂಫ್ ಹಾಳೆಗಳ ಬೆನ್ನ ಮೇಲೆ ತ, ಮ ಬರೆಯುತ್ತಾ ಹೋದೆ. ಮಧ್ಯಾಹ್ನ ಡಬ್ಬಿ ಊಟ ಮಾಡುತ್ತಾ ಬರೆದೆ, ಮನೆಯಲ್ಲಿ ಅಕ್ಕಿ ಆರಿಸುವ ಮೊರವನ್ನು ಪಕ್ಕಕ್ಕಿಟ್ಟು ಬರೆದೆ. ಉದ್ದುದ್ದದ ಮಾತುಗಳನ್ನು ತೆಗೆದುಕೊಂಡು ಕಟ್ಟಳೆಯಂತೆ ಚಿಕ್ಕದು ಮಾಡುತ್ತಿದ್ದೆ. ಎಲ್ಲವೂ ಆ ಎಂಟರಲ್ಲಿ ಒಂದಕ್ಕೆ ಬಂದು ನಿಲ್ಲುತ್ತಿದ್ದವು. "ಏನೇ ಅದು ತತ ಮಮ ಅಂತ ಗೊಣಗ್ತಿದೀಯ?" ಎಂದು ಅಮ್ಮ ಎರಡು ಸಲ ಕೇಳಿದಳು.

ನನ್ನ ತಪ್ಪೇನೆಂದು ಹೊಳೆದದ್ದು ಒಂದು ಶನಿವಾರ, ಬಟ್ಟೆ ಮಡಚುವಾಗ. ನಾನು ಯಾವಾಗಲೂ ಒಂದು ಮಾತನ್ನು ಒಂದೇ ದಾರಿಯಲ್ಲಿ ಚಿಕ್ಕದು ಮಾಡುತ್ತಿದ್ದೆ. ಒಂದೇ ಮಾತನ್ನು ಎರಡು ದಾರಿಯಲ್ಲಿ ಚಿಕ್ಕದು ಮಾಡಿದರೆ? ಎರಡೂ ದಾರಿ ಒಂದೇ ಕಡೆ ಮುಟ್ಟದಿದ್ದರೆ?

ಮಡಚುವುದನ್ನು ಬಿಟ್ಟು ಮಮತ ಎಂದು ಬರೆದೆ. ಮೊದಲ ದಾರಿ ಸುಲಭ. ಮಮ ಮೌನ, ಉಳಿದದ್ದು ತ. ಎರಡನೇ ದಾರಿಯಲ್ಲಿ ಕೊನೆಯ ಮತ ಇದ್ದಲ್ಲಿ ತತಮ ಇಟ್ಟೆ. ಮತತಮ ಆಯಿತು. ಆರಂಭದ ಮತ ಇದ್ದಲ್ಲಿ ಮತ್ತೆ ತತಮ ಇಟ್ಟೆ. ತತಮತಮ. ನಡುವೆ ಇನ್ನೊಂದು ಮತ ಇತ್ತು, ಅದನ್ನೂ ಬದಲಿಸಿದೆ. ತತತತಮಮ. ಕೊನೆಯ ಮಮ ಮೌನ. ಉಳಿದದ್ದು ತತತತ.

ಅಂದರೆ ತ ಎಂದರೂ ತತತತ ಎಂದರೂ ಒಂದೇ ಮಾತು. ಮೇಷ್ಟ್ರು ಬರೆದಂತೆ ಮೂರು ತ ಮೌನವಾಗಿದ್ದರೆ ಇದರಿಂದ ತೊಂದರೆಯೇ ಇಲ್ಲ. ನಾಲ್ಕರಲ್ಲಿ ಮೂರು ಅಳಿಸಿದರೆ ಒಂದು ಉಳಿಯುತ್ತದೆ, ಸರಿಹೋಗುತ್ತದೆ. ಆದರೆ ನಮ್ಮ ಪತ್ರಿಕೆಯಲ್ಲಿ ಅಚ್ಚಾದಂತೆ ನಾಲ್ಕು ತ ಮೌನ. ಹಾಗಾದರೆ ಒಂದು ತ ಕೂಡ ಮೌನ. ನಾನು ಹಾಕಿಸಿದ ಒಂದು ಹೆಚ್ಚಿನ ತ ಆ ಭಾಷೆಯ ಎಲ್ಲ ತ ಅಕ್ಷರಗಳನ್ನೂ ಅಳಿಸಿಹಾಕಿತ್ತು. ಎಂಟು ಎಂದ ಮೂವತ್ತು ಜನರೂ ತಪ್ಪು, ಫೋನಿನಲ್ಲಿ ಎಂಟು ಎಂದ ಮೇಷ್ಟ್ರೂ ತಪ್ಪು. ಮಲ್ಲೇಶ್ವರದ ಮನುಷ್ಯ ಮಾತ್ರ ಸರಿ.

ಸಂತೋಷವಾಯಿತು. ಅದರ ಬೆನ್ನಿಗೇ ಕೆಂಪಣ್ಣನ ನೆನಪಾಯಿತು.

ಭಾನುವಾರ ಬೆಳಿಗ್ಗೆ ಗಾಂಧಿಬಜಾರಿನ ಹಿಂದಿನ ರಸ್ತೆಯಲ್ಲಿದ್ದ ಮೇಷ್ಟ್ರ ಮನೆ ಹುಡುಕಿಕೊಂಡು ಹೋದೆ. ಜಿಟಿಜಿಟಿ ಮಳೆ. ಮೇಷ್ಟ್ರು ಜಗಲಿಯಲ್ಲಿ ಕಾಲಿಗೆ ಶಾಲು ಸುತ್ತಿಕೊಂಡು ಪೇಪರ್ ಓದುತ್ತಿದ್ದರು. ನಾನು ಯಾರೆಂದು ಹೇಳಿ, ಕಾರ್ಡನ್ನೂ ನನ್ನ ಹಾಳೆಯನ್ನೂ ಕೊಟ್ಟೆ. ಅವರು ಸಾಲಿನ ಕೆಳಗೆ ಪೆನ್ಸಿಲ್ಲಿನ ತುದಿ ಇಟ್ಟುಕೊಂಡು ಒಂದೊಂದೇ ಸಾಲು ಓದಿದರು. ಎರಡನೇ ಸಲವೂ ಓದಿದರು.

"ಎಂಟು ಅಂದ್ಬಿಟ್ಟೆನಲ್ಲ" ಅಂದರು ಕೊನೆಗೆ. "ಕೋಪದಲ್ಲಿ ಲೆಕ್ಕ ಮಾಡಬಾರದು."

ಆಮೇಲೆ ಹಾಳೆ ಕೆಳಗಿಟ್ಟು ನನ್ನನ್ನೇ ನೋಡಿದರು.

"ತ ಅಳಿಸಿಹೋಯ್ತು, ಒಪ್ಪಿದೆ. ಮ ಮಾತ್ರ ಉಳೀತು ಅಂತ ಹೇಗೆ ಹೇಳ್ತೀಯ? ಇನ್ನೂ ಒಂದು ಜಾಣ ದಾರಿ ಹಿಡಿದ್ರೆ ಅದೂ ಮೌನ ಆಗ್ಬಹುದಲ್ಲ? ಆಗ ಆ ದ್ವೀಪದಲ್ಲಿ ಒಂದೇ ಮಾತು."

ಅದನ್ನು ನಾನು ಯೋಚಿಸಿರಲೇ ಇಲ್ಲ. ಮೇಷ್ಟ್ರ ಮನೆಯವರು ಕಾಫಿ ತಂದಿಟ್ಟರು. ಅದು ಆರುತ್ತಿತ್ತು, ನಾನು ಹಾಳೆಯನ್ನೇ ನೋಡುತ್ತಿದ್ದೆ. ಮೇಷ್ಟ್ರು ಅವಸರ ಮಾಡಲಿಲ್ಲ, ಪೇಪರಿನ ಮುಂದಿನ ಪುಟ ತಿರುಗಿಸಿದರು. ನಾನು ಮೂರು ಕಟ್ಟಳೆಗಳನ್ನೂ ಮತ್ತೆ ಒಂದರ ಕೆಳಗೊಂದು ಬರೆದು, ಒಂದೊಂದರಲ್ಲೂ ಎಷ್ಟು ಮ ಇವೆ ಎಂದು ಎಣಿಸಿದೆ.

"ಸಾರ್, ಮೊದಲನೇ ಕಟ್ಟಳೇಲಿ ಮ ಇಲ್ಲ. ಎರಡನೇದು ಎರಡು ಮ ಒಟ್ಟಿಗೆ ತೆಗೆಯುತ್ತೆ. ಮೂರನೇದರಲ್ಲಿ ಈ ಕಡೆ ಒಂದು, ಆ ಕಡೆಯೂ ಒಂದು. ಹಾಗಾಗಿ ಮ ಅಕ್ಷರಗಳ ಸಂಖ್ಯೆ ಬೆಸ ಇದ್ರೆ ಏನು ಮಾಡಿದ್ರೂ ಬೆಸವೇ. ಮೌನದಲ್ಲಿ ಸೊನ್ನೆ ಮ, ಅದು ಸಮ. ಒಂದು ಮ ಯಾವತ್ತೂ ಮೌನ ಆಗಲ್ಲ."

ಮೇಷ್ಟ್ರು ಪೇಪರ್ ಮಡಚಿದರು. "ಕಾಫಿ ಕುಡಿ" ಅಂದರು.

ಕುಡಿಯುವಾಗ ಅವರೇ ಹೇಳಿದರು, "ನಾನು ಮೂರು ತ ಇಟ್ಟು ಬರೆದ ಒಗಟು ನೀನು ಬಿ.ಎಸ್ಸಿ.ಯಲ್ಲಿ ಓದಿದ ಗ್ರೂಪ್ ಥಿಯರಿಯೇ. ಮೂರು ವಸ್ತುಗಳನ್ನ ಅದಲುಬದಲು ಮಾಡೋ ಆರು ಬಗೆ. ಹೆಸರು ಕೇಳಿದ್ರೆ ಹುಡುಗರು ಓಡಿಹೋಗ್ತಾರೆ ಅಂತ ಭಾಷೆಯ ವೇಷ ಹಾಕಿದೆ."

ಅದರ ಇಡೀ ಪರೀಕ್ಷೆಯನ್ನು ನಾನು ಬಾಯಿಪಾಠ ಮಾಡಿ ಬರೆದಿದ್ದೆ. ಎದುರಿಗೆ ಬಂದು ನಿಂತಾಗ ಗುರುತು ಸಿಕ್ಕಿರಲಿಲ್ಲ. ಅದನ್ನು ಹೇಳಿದೆ. ಹೇಳುತ್ತಾ ಹೇಳುತ್ತಾ ಇನ್ನೊಂದನ್ನೂ ಹೇಳಿಬಿಟ್ಟೆ, ನಾಲ್ಕನೆಯ ತ ಹಾಕಿಸಿದ್ದು ನಾನು, ಕೆಲಸ ಹೋಗುತ್ತಿರುವುದು ಕೆಂಪಣ್ಣನದು ಎಂದು.

ಮೇಷ್ಟ್ರು ನನ್ನ ಹಾಳೆಯನ್ನು ಮಡಚಿ ವಾಪಸು ಕೊಟ್ಟರು. "ಇದನ್ನ ನನಗೆ ಹೇಳಿ ಏನು ಪ್ರಯೋಜನ?" ಅಂದರು. ಗಡಸಾಗಿ ಅಲ್ಲ. ಅದೂ ಒಂದು ಪ್ರಶ್ನೆ ಎನ್ನುವ ಹಾಗೆ.

ಸೋಮವಾರ ರಾಯರು ಬರುವ ಮೊದಲೇ ಅಚ್ಚುಕೂಟದಲ್ಲಿದ್ದೆ. ಅವರು ದೇವರ ಪಟಕ್ಕೆ ಊದುಬತ್ತಿ ಹಚ್ಚಿ ಕೂರುವ ತನಕ ಕಾದು, ಮೇಜಿನ ಮುಂದೆ ನಿಂತು ಹೇಳಿದೆ. ಕೆಂಪಣ್ಣ ಕೇಳಿದ್ದು, ಫೋನ್ ಮಾಡೋಣ ಅಂದದ್ದು, ನಾನು ಬೇಡ ಅಂದದ್ದು, ಎಲ್ಲವನ್ನೂ.

ರಾಯರು ಕನ್ನಡಕ ತೆಗೆದು ಒರೆಸಿಕೊಂಡರು. "ಅವತ್ತೇ ಯಾಕಮ್ಮ ಹೇಳಲಿಲ್ಲ?"

"ಹೆದರಿಕೆ ಆಯ್ತು ಸಾರ್."

"ಕೆಂಪಣ್ಣ, ಬಾ ಇಲ್ಲಿ" ಎಂದು ಕರೆದರು. "ನೀನಾದ್ರೂ ಹೇಳಬಾರದಾಗಿತ್ತಾ?"

ಕೆಂಪಣ್ಣ ಕೈಯ ಮಸಿ ಒರೆಸಿಕೊಳ್ಳುತ್ತಾ ಬಂದರು. "ನಾನು ಹೇಳಿದ್ರೆ ತಪ್ಪು ಇನ್ನೊಬ್ಬರ ಮೇಲೆ ಹಾಕಿದ ಹಾಗಾಗ್ತಿತ್ತು ಸಾರ್. ಅವರೇ ಹೇಳ್ತಾರೆ ಅಂತ ಕಾಯ್ತಿದ್ದೆ." ಆಮೇಲೆ ನನ್ನ ಕಡೆ ತಿರುಗಿ ಹೇಳಿದರು, "ಹನ್ನೊಂದು ದಿನ ಆಯ್ತು."

ಬೈದಿದ್ದರೆ ಚೆನ್ನಾಗಿತ್ತು. ಅವರು ದಿನ ಎಣಿಸಿದ್ದರು ಅಷ್ಟೆ. ನಾನು ತಪ್ಪಾಯಿತು ಅಂದೆ. ಅವರು ತಲೆಯಾಡಿಸಿ ಕೇಸಿನ ಹತ್ತಿರ ಹೋದರು. ಆಗಸ್ಟ್ ಕೊನೆಗೆ ನಿಲ್ಲಿಸುವ ಮಾತನ್ನು ರಾಯರು ಅಲ್ಲೇ ಹಿಂತೆಗೆದುಕೊಂಡರು. "ಕಣ್ಣಿನ ಮಾತು ಆಡಿದ್ದು ನನ್ನ ತಪ್ಪು" ಎಂದೂ ಹೇಳಿದರು. ನನಗೆ ಏನೂ ಅನ್ನಲಿಲ್ಲ. ಮಾವನಿಗೂ ಹೇಳಲಿಲ್ಲ ಅಂತ ಆಮೇಲೆ ಗೊತ್ತಾಯಿತು.

ಸರಿಯುತ್ತರ ಅವರದೊಂದೇ ಎಂದು ಮೇಷ್ಟ್ರು ರಾಯರಿಗೆ ತಿಳಿಸಿದ್ದರಿಂದ ಬಹುಮಾನ ತೆಗೆದುಕೊಳ್ಳಲು ಶಿವರುದ್ರಪ್ಪನವರೇ ಬಂದರು. ಮೆಜೆಸ್ಟಿಕ್‌ನಲ್ಲಿ ಬಸ್ಸು ಬದಲಿಸಿ ಬರುವಷ್ಟರಲ್ಲಿ ಷರಟಿನ ಒಂದು ಭುಜ ಪೂರ್ತಿ ನೆನೆದಿತ್ತು. ಮಲ್ಲೇಶ್ವರದಲ್ಲಿ ಟೈಪಿಂಗ್, ಶಾರ್ಟ್‌ಹ್ಯಾಂಡ್ ಕಲಿಸುವ ಒಂದು ಸಣ್ಣ ಇನ್‌ಸ್ಟಿಟ್ಯೂಟಿನಲ್ಲಿ ಮೇಷ್ಟ್ರಂತೆ. ಪತ್ರಿಕೆ ಮಗಳಿಗೆ ಬರುತ್ತಿತ್ತು, ಒಗಟು ತಂದೆ ಬಿಡಿಸುತ್ತಿದ್ದರು. ಹೇಗೆ ಗೊತ್ತಾಯಿತು ಎಂದು ಕೇಳಿದೆ.

"ನಮ್ಮ ಕೆಲಸಾನೇ ಅದಲ್ವಾ ಮೇಡಂ, ಉದ್ದ ಇರೋದನ್ನ ಗಿಡ್ಡ ಮಾಡೋದು. ಒಂದೇ ಮಾತಿಗೆ ಎರಡು ಗುರುತು ಬಂದ್ರೆ ನಮ್ಮ ಕಣ್ಣಿಗೆ ತಕ್ಷಣ ಹೊಡೀತದೆ." ನಿಘಂಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು, "ಈಗ ಶಾರ್ಟ್‌ಹ್ಯಾಂಡಿಗೆ ಯಾರೂ ಬರ್ತಿಲ್ಲ, ಟೈಮ್ ಸಿಗತ್ತೆ" ಎಂದು ಹೇಳಿ ಹೋದರು.

ಆಗಸ್ಟ್ ಸಂಚಿಕೆಗೆ ವಾಸುದೇವಯ್ಯ ಮೇಷ್ಟ್ರು ಉತ್ತರದ ಪುಟ ಬರೆದುಕೊಟ್ಟರು. ತಾವು ಎಂಟು ಎಂದು ತಪ್ಪು ಹೇಳಿದ್ದನ್ನು ಮೊದಲ ಸಾಲಿನಲ್ಲೇ ಬರೆದಿದ್ದರು. ಕೊನೆಯ ಸಾಲು ಹೀಗಿತ್ತು: 'ಎರಡಕ್ಕಿಂತ ಕಡಿಮೆ ಆಗದು ಎಂದು ತೋರಿಸಿದವರು ಈ ಪತ್ರಿಕೆಯ ಕುಮಾರಿ ಸುಧಾ.' ಅಚ್ಚಿನಲ್ಲಿ ನನ್ನ ಹೆಸರು ಬರುತ್ತಿದ್ದದ್ದು ಅದೇ ಮೊದಲು. ಆ ಸಾಲಿನ ಕೆಳಗೆ ನಾನು ಒಂದು ಸಾಲು ಸೇರಿಸಿದೆ: 'ಕಳೆದ ಸಂಚಿಕೆಯಲ್ಲಿ ಆದ ತಪ್ಪು ಪ್ರೂಫ್ ನೋಡಿದವರದು, ಕಂಪೋಸಿಂಗ್ ಮಾಡಿದವರದಲ್ಲ.'

ರಾಯರು ಪುಟದ ಅಳತೆ ನೋಡಿದರು. "ಕೊನೇಲಿ ಒಂದೇ ಸಾಲಿಗೆ ಜಾಗ ಇರೋದು. ಮೇಷ್ಟ್ರ ಸಾಲಿರಲಿ. ತಪ್ಪು ಯಾರದು ಅಂತ ಓದುಗರಿಗೆ ಯಾಕೆ?"

"ಒಂದೇ ಅಂದ್ರೆ ನನ್ನ ಹೆಸರಿರೋ ಸಾಲು ತೆಗೆದುಬಿಡಿ ಸಾರ್."

ರಾಯರು ನನ್ನ ಮುಖ ನೋಡಿದರು, ಮೇಷ್ಟ್ರ ಸಾಲಿನ ಮೇಲೆ ಗೆರೆ ಎಳೆದು ಹಾಳೆಯನ್ನು ಕೆಂಪಣ್ಣನಿಗೆ ಕೊಟ್ಟರು. ಕೆಂಪಣ್ಣ ಓದಿಕೊಂಡು ಜೋಡಿಸಲು ನಿಂತರು. ಪ್ರೂಫ್ ಬಂದಾಗ ಗೆರೆ ಎಳೆದಂತೆಯೇ ಒಂದು ಸಾಲು ಇರಲಿಲ್ಲ. ನಾನು ಕಾಪಿ ಪಕ್ಕಕ್ಕಿಟ್ಟುಕೊಂಡು ಒಂದೊಂದು ತ, ಒಂದೊಂದು ಮ ಎಣಿಸಿ ಓದಿ ಸಹಿ ಹಾಕಿದೆ.

ಅಷ್ಟರಲ್ಲಿ ನನಗೆ ಬಿ.ಎಡ್. ಸೀಟು ಸಿಕ್ಕಿತು. ಸಂಚಿಕೆ ಅಚ್ಚಾದ ದಿನವೇ ನನ್ನ ಕೊನೆಯ ದಿನ. ಹೊರಡುವಾಗ ರಾಯರು ಒಂದು ಪ್ರತಿ ಕೊಟ್ಟರು. ಗವಿಪುರದ ಏರು ಹತ್ತಿ ಒಂದು ಅಂಗಡಿಯ ಮಾಡಿನ ಕೆಳಗೆ ಮಳೆಗೆ ನಿಂತಾಗ ಬಿಡಿಸಿ ನೋಡಿದೆ. ಕೊನೆಯ ಪುಟದಲ್ಲಿ ಎರಡೂ ಸಾಲುಗಳಿದ್ದವು, ಮೇಷ್ಟ್ರದ್ದು ಮೇಲೆ, ನನ್ನದು ಕೆಳಗೆ.

ಒಂದೇ ಸಾಲಿನ ಜಾಗದಲ್ಲಿ ಎರಡು ಹೇಗೆ ಸೇರಿದವು ಎಂದು ಪುಟವನ್ನು ದೂರ ಹಿಡಿದು ನೋಡಿದೆ. ಸಾಲು ಸಾಲಿನ ನಡುವೆ ತೆಳುವಾದ ಸೀಸದ ಪಟ್ಟಿ ಇಟ್ಟು ಜಾಗ ಬಿಡುತ್ತಾರೆ. ಆ ಪುಟದ ಸಾಲುಗಳು ಮಾತ್ರ ಬೇರೆ ಪುಟಗಳಿಗಿಂತ ಒತ್ತಾಗಿದ್ದವು. ನಾನು ಸಹಿ ಹಾಕಿದ ಮೇಲೆ, ಅಚ್ಚಿಗೆ ಏರಿಸುವ ಮೊದಲು, ಕೆಂಪಣ್ಣ ಒಂದೊಂದೇ ಪಟ್ಟಿಯನ್ನು ಎಳೆದು ತೆಗೆದು ಇನ್ನೊಂದು ಸಾಲಿಗೆ ಜಾಗ ಮಾಡಿದ್ದರು. ನನ್ನ ಹೆಸರಿನ ಅಕ್ಷರಗಳಲ್ಲಿ ಒಂದು ತಪ್ಪೂ ಇರಲಿಲ್ಲ.